ಬಾವಿಯ ನೀರು ಅಲ್ಲೇ ಇದೆ, ಅಂಕಿ ಏಕೆ ಕದಲಿತು?

ಜೂನ್ ತಿಂಗಳಿನಲ್ಲಿ ಒಂದು ಕೊಳವೆ ಬಾವಿಯ ನೀರಿನ ಮಟ್ಟವನ್ನು ಕಂಪ್ಯೂಟರಿನಲ್ಲಿ ನೋಡಿ ನೋಟ್ ಪುಸ್ತಕದಲ್ಲಿ ಬರೆದುಕೊಂಡಿದ್ದೀರಿ ಎನ್ನಿ: ನೆಲದಿಂದ 61.42 ಮೀಟರ್ ಕೆಳಗೆ. ಡಿಸೆಂಬರಿನಲ್ಲಿ ಅದೇ ಬಾವಿಯ, ಅದೇ ದಿನದ, ಅದೇ ಗಂಟೆಯ ಅಂಕಿಯನ್ನು ಮತ್ತೊಮ್ಮೆ ತೆಗೆದು ನೋಡುತ್ತೀರಿ. ಈಗ ಅಲ್ಲಿ 62.40 ಎಂದಿದೆ. ಜೂನ್ ಕಳೆದುಹೋದ ತಿಂಗಳು. ಅಂದಿನ ನೀರು ಇನ್ನು ಏರುವಂತಿಲ್ಲ, ಇಳಿಯುವಂತಿಲ್ಲ. ಆದರೂ ಅಂಕಿ ಸುಮಾರು ಒಂದು ಮೀಟರ್ ಕೆಳಗಿಳಿದಿದೆ. ಬರೆದುಕೊಂಡವರು ತಪ್ಪಿದರೋ, ಯಂತ್ರ ತಪ್ಪಿತೋ?

ಕೋಲಾರದಂಥ ಜಿಲ್ಲೆಯಲ್ಲಿ ಒಂದು ಮೀಟರ್ ಸಣ್ಣ ಮಾತಲ್ಲ. ವರ್ಷವಿಡೀ ಹರಿಯುವ ನದಿ ಇಲ್ಲಿಲ್ಲ. ಹಿರಿಯರು ಕಟ್ಟಿಸಿದ ಕೆರೆಗಳು, ಅವು ಬತ್ತಿದ ಮೇಲೆ ತೆರೆದ ಬಾವಿಗಳು, ಅವೂ ಬತ್ತಿದ ಮೇಲೆ ಸಾವಿರ ಅಡಿ ದಾಟಿದ ಕೊಳವೆ ಬಾವಿಗಳು; ಇದೇ ಇಲ್ಲಿನ ನೀರಿನ ಕಥೆ. ಕೇಂದ್ರ ಅಂತರ್ಜಲ ಮಂಡಳಿಯ ಅಂದಾಜುಗಳಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲೂಕುಗಳು ಅತಿಬಳಕೆಯ ವರ್ಗದಲ್ಲಿ ಸೇರುತ್ತ ಬಂದಿವೆ. ಅಂದರೆ ವರ್ಷದಲ್ಲಿ ಇಂಗುವ ನೀರಿಗಿಂತ ಮೇಲೆತ್ತುವ ನೀರು ಹೆಚ್ಚು. 2018ರ ಜೂನ್‌ನಲ್ಲಿ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯ, ಜನ ಕರೆಯುವಂತೆ ಕೆ.ಸಿ. ವ್ಯಾಲಿಯ, ನೀರು ಲಕ್ಷ್ಮೀಸಾಗರ ಕೆರೆಗೆ ಬಂದು ಬಿದ್ದಿತು. ಅದು ಬೆಂಗಳೂರಿನಲ್ಲಿ ಬಳಸಿ ಬಿಟ್ಟು, ಎರಡು ಹಂತ ಸಂಸ್ಕರಿಸಿ ಕಳಿಸಿದ ನೀರು. ಅದರ ಗುಣಮಟ್ಟದ ವಾದ ನ್ಯಾಯಾಲಯದವರೆಗೂ ಹೋಯಿತು, ಅದು ಬೇರೆ ವಿಷಯ. ನಮಗೆ ಇಲ್ಲಿ ಬೇಕಾದದ್ದು ಇನ್ನೊಂದು ಪ್ರಶ್ನೆ: ಕೆರೆ ತುಂಬಿದ್ದರಿಂದ ಸುತ್ತಲಿನ ಬಾವಿಗಳು ಎಷ್ಟು ಏರಿದವು, ಮಳೆಯಿಂದ ಎಷ್ಟು ಏರಿದವು? ಇದಕ್ಕೆ ಉತ್ತರ ಬರಬೇಕಾದದ್ದು ಹಳೆಯ ಅಂಕಿಗೂ ಹೊಸ ಅಂಕಿಗೂ ಇರುವ ವ್ಯತ್ಯಾಸದಿಂದ. ಹಳೆಯ ಅಂಕಿಯೇ ಕಪಾಟಿನೊಳಗೆ ಕುಳಿತು ಒಂದು ಮೀಟರ್ ಕದಲಿದರೆ, ಏರಿದ ಬಾವಿ ಇಳಿದಂತೆಯೂ ಇಳಿದ ಬಾವಿ ಏರಿದಂತೆಯೂ ಕಾಣುತ್ತದೆ.

ಮೊದಲು ಬಾವಿಯ ಮಟ್ಟವನ್ನು ವರ್ಷಕ್ಕೆ ಕೆಲವೇ ಸಲ ಟೇಪು ಇಳಿಸಿ ನೋಡುತ್ತಿದ್ದರು. ಕೇಂದ್ರ ಅಂತರ್ಜಲ ಮಂಡಳಿಯ ವೀಕ್ಷಣಾ ಬಾವಿಗಳಲ್ಲಿ ವರ್ಷಕ್ಕೆ ನಾಲ್ಕು ಬಾರಿ ಅಳೆಯುವುದು ರೂಢಿ. 1995ರಲ್ಲಿ ಆರಂಭವಾದ ಜಲವಿಜ್ಞಾನ ಯೋಜನೆಯಲ್ಲಿ, ಆಮೇಲೆ 2020ರಲ್ಲಿ ಜಾರಿಗೆ ಬಂದ ಅಟಲ್ ಭೂಜಲ ಯೋಜನೆಯಲ್ಲಿ, ತಾನೇ ಅಳೆದು ದಾಖಲಿಸುವ ಡಿಜಿಟಲ್ ಮಟ್ಟಮಾಪಕಗಳು ಕರ್ನಾಟಕದ ಬಾವಿಗಳಿಗೆ ಇಳಿದವು. ಮಳೆಯ ಮಟ್ಟಿಗೂ ಹೀಗೆಯೇ. 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ದೂರಸಂವೇದಿ ಮಳೆಮಾಪಕಗಳನ್ನು ನಿಲ್ಲಿಸಿದೆ. ಅವು 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಹೀಗೆ ಸಮಯದ ಗುರುತು ಹೊತ್ತು ಸಾಲಾಗಿ ಬರುವ ಅಂಕಿಗಳನ್ನು ಕಾಲಶ್ರೇಣಿ ಎನ್ನುತ್ತೇವೆ. ಅವನ್ನು ಕೂಡಿಡುವ ದತ್ತಸಂಚಯ, ಎಂದರೆ ಡೇಟಾಬೇಸ್, ಈ ಲೇಖನದ ವಸ್ತು.

ಸಂವೇದಕ ಹೇಳುವುದು ಏನನ್ನು?

ಬಾವಿಯಲ್ಲಿ ತೂಗಾಡುವ ಸಂವೇದಕಕ್ಕೆ ನೀರಿನ ಮಟ್ಟ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ತನ್ನ ಮೇಲಿನ ಒತ್ತಡ ಮಾತ್ರ. ಆ ಒತ್ತಡದಲ್ಲಿ ನೀರಿನ ಕಂಬದ ಭಾರವೂ ಇದೆ, ನೀರಿನ ಮೇಲೆ ಕುಳಿತ ಗಾಳಿಯ ಭಾರವೂ ಇದೆ. ಗಾಳಿಯ ಭಾರವನ್ನು ಕಳೆದು, ಉಳಿದದ್ದನ್ನು ನೀರಿನ ಎತ್ತರವಾಗಿ ಪರಿವರ್ತಿಸಿ, ಸಂವೇದಕ ತೂಗುಹಾಕಿದ ಆಳದಿಂದ ಆ ಎತ್ತರವನ್ನು ಕಳೆದರೆ ನಮಗೆ ಬೇಕಾದ ಮಟ್ಟ ಸಿಗುತ್ತದೆ. ನೀವು ಪರದೆಯ ಮೇಲೆ ಓದಿದ 61.42 ಸಂವೇದಕ ಆಡಿದ ಮಾತಲ್ಲ, ಆ ಮಾತಿಗೆ ನಾಲ್ಕಾರು ಕೈ ಸೇರಿ ಮಾಡಿದ ಅರ್ಥ. ಯಾವ ಕೈ ಬದಲಾದರೂ ಅರ್ಥ ಬದಲಾಗುತ್ತದೆ.

ಯಾವ ಕೈ ಎಂದು ಕಂಡುಹಿಡಿಯಲು ಒಂದು ಸುಲಭ ಉಪಾಯವಿದೆ. ಹಳೆಯ ಪ್ರತಿಯನ್ನೂ ಹೊಸ ಪ್ರತಿಯನ್ನೂ ಅಕ್ಕಪಕ್ಕ ಇಟ್ಟು, ಪ್ರತಿ ಗಂಟೆಗೂ ಒಂದರಿಂದ ಇನ್ನೊಂದನ್ನು ಕಳೆದು, ಬಂದ ವ್ಯತ್ಯಾಸದ ನಕ್ಷೆ ಬರೆಯಿರಿ. ಮೂಲ ಅಂಕಿಗಳ ನಕ್ಷೆಯನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಸಿಗದ ಸುಳಿವು ಈ ವ್ಯತ್ಯಾಸದ ಗೆರೆಯ ಆಕಾರದಲ್ಲಿ ಸಿಗುತ್ತದೆ. ನಾಲ್ಕು ತಾಲೂಕುಗಳಿಗೆ ಒಂದೊಂದು ಬಾವಿಯಂತೆ ನಾಲ್ಕು ಪ್ರಕರಣಗಳನ್ನು ಕಲ್ಪಿಸಿಕೊಳ್ಳೋಣ. ಬಾವಿಗಳೂ ಅವುಗಳ ಅಂಕಿಗಳೂ ಪಾಠಕ್ಕಾಗಿ ಮಾಡಿಕೊಂಡವು; ಅವುಗಳ ಹಿಂದಿನ ಭೌತವಿಜ್ಞಾನ ಮಾತ್ರ ನಿಜವಾದದ್ದು.

ಕೋಲಾರದ ಬಾವಿ: ಸಮನಾದ ಗೆರೆ

ನಮ್ಮ 61.42ರ ಬಾವಿ ಕೋಲಾರದ್ದಾಗಿರಲಿ. ವ್ಯತ್ಯಾಸದ ನಕ್ಷೆಯಲ್ಲಿ ಹೆಚ್ಚುಕಡಿಮೆ ಮಟ್ಟಸವಾದ ಗೆರೆ ಬಂದಿದೆ; ದಿನವೂ ಒಂದು ಮೀಟರಿಗೆ ತುಸು ಕಡಿಮೆ. ಇಂಥ ಗೆರೆ ಕಂಡರೆ ಯಾವುದೋ ಒಂದು ಸ್ಥಿರಾಂಕ ಬದಲಾಗಿದೆ ಎಂದು ಊಹಿಸಬಹುದು. ಸಂವೇದಕ ತೂಗುಹಾಕಿದ ಆಳ, ಬಾವಿಯ ಬಾಯಿಯ ಎತ್ತರ, ಇಲ್ಲವೇ ಗಾಳಿಯ ಒತ್ತಡ.

ಲೆಕ್ಕ ಮಾಡಿ ನೋಡೋಣ. ಸಂವೇದಕ 80 ಮೀಟರ್ ಆಳದಲ್ಲಿದೆ, ಆ ಗಂಟೆಗೆ ಅದರ ಮೇಲಿನ ಒಟ್ಟು ಒತ್ತಡ 2739 ಹೆಕ್ಟೊಪಾಸ್ಕಲ್ ಎಂದಿಟ್ಟುಕೊಳ್ಳಿ. ಕೋಲಾರ ಸಮುದ್ರ ಮಟ್ಟಕ್ಕಿಂತ 800 ಮೀಟರಿಗೂ ಮೇಲಿರುವ ಊರು. ಇಲ್ಲಿ ಗಾಳಿಯ ಒತ್ತಡ 920 ಹೆಕ್ಟೊಪಾಸ್ಕಲಿನ ಆಸುಪಾಸು. ಆ ಗಂಟೆಗೆ ಅದು 917 ಇತ್ತೆನ್ನಿ. ಕಳೆದರೆ ಉಳಿದದ್ದು 1822. ಒಂದು ಹೆಕ್ಟೊಪಾಸ್ಕಲ್ ಎಂದರೆ ಸುಮಾರು 1.02 ಸೆಂಟಿಮೀಟರ್ ನೀರು. ಆದ್ದರಿಂದ ನೀರಿನ ಕಂಬ 18.58 ಮೀಟರ್, ಮಟ್ಟ 61.42. ಈಗ 917ರ ಬದಲು 1013 ಹಾಕಿ ಇದೇ ಲೆಕ್ಕ ಮಾಡಿ. ಬರುವುದು 62.40! 1013 ಎಂದರೇನು? ಸಮುದ್ರ ಮಟ್ಟದಲ್ಲಿ ಗಾಳಿಯ ಪ್ರಮಾಣಿತ ಒತ್ತಡ. ಬಾವಿಯ ಬಳಿಯ ವಾಯುಭಾರ ದಾಖಲೆ ಕಳೆದುಹೋಗಿ, ಆ ಖಾಲಿ ಜಾಗದಲ್ಲಿ ತಂತ್ರಾಂಶ ತನಗೆ ಗೊತ್ತಿದ್ದ ಪುಸ್ತಕದ ಅಂಕಿಯನ್ನು ತುಂಬಿದರೆ ಹೀಗಾಗುತ್ತದೆ. ಹವಾಮಾನ ವರದಿಯಲ್ಲಿ ಬರುವ ವಾಯುಭಾರವನ್ನು ತಂದು ಹಾಕಿದರೂ ಇದೇ ಗತಿ. ಏಕೆಂದರೆ ಬೇರೆ ಬೇರೆ ಎತ್ತರದ ಊರುಗಳನ್ನು ಹೋಲಿಸಲು ಅನುಕೂಲವಾಗಲೆಂದು ವರದಿಗಳಲ್ಲಿ ಸಾಮಾನ್ಯವಾಗಿ ಒತ್ತಡವನ್ನು ಸಮುದ್ರ ಮಟ್ಟಕ್ಕೆ ಇಳಿಸಿ ಕೊಟ್ಟಿರುತ್ತಾರೆ. ಮಂಗಳೂರಿನ ಬಾವಿಯಲ್ಲಿ ಈ ತಪ್ಪು ಕಣ್ಣಿಗೆ ಬೀಳುವುದೇ ಕಷ್ಟ. ಕೋಲಾರದಲ್ಲಿ ಅದು ಒಂದು ಮೀಟರ್ ನೀರನ್ನು ನುಂಗುತ್ತದೆ.

ಇಂಥ ತಪ್ಪಿನಲ್ಲಿ ಒಂದು ಸಮಾಧಾನವಿದೆ. 2739 ಎಂಬ ಮೂಲ ಅಂಕಿ ಎಲ್ಲಾದರೂ ಉಳಿದಿದ್ದರೆ ಎಲ್ಲವನ್ನೂ ಸರಿಪಡಿಸಬಹುದು. ಬರೀ 62.40 ಉಳಿಸಿಕೊಂಡಿದ್ದರೆ ಯಾರು ಏನನ್ನು ಕಳೆದರು ಎಂಬುದನ್ನು ಹಿಂದಕ್ಕೆ ಹೋಗಿ ತಿಳಿಯುವ ದಾರಿಯೇ ಇರುವುದಿಲ್ಲ.

ಮಾಲೂರಿನ ಬಾವಿ: ಐದೂವರೆ ಗಂಟೆ

ಮಾಲೂರಿನ ಬಾವಿಯ ವ್ಯತ್ಯಾಸ ನೇರ ಗೆರೆಯಲ್ಲ, ಅಲೆ. ದಿನಕ್ಕೆ ಎರಡು ಏರು, ಎರಡು ಇಳಿತ. ಇದನ್ನು ಅರ್ಥ ಮಾಡಿಕೊಳ್ಳಲು ವಾಯುಮಂಡಲದ ಒಂದು ಸ್ವಭಾವ ಗೊತ್ತಿರಬೇಕು. ಕಡಲಿಗೆ ಉಬ್ಬರವಿಳಿತ ಇರುವಂತೆ ಗಾಳಿಗೂ ಇದೆ. ಕಡಲಿನ ಉಬ್ಬರಕ್ಕೆ ಮುಖ್ಯ ಕಾರಣ ಚಂದ್ರ. ಗಾಳಿಯದಕ್ಕೆ ಸೂರ್ಯನ ಬಿಸಿ. ಉಷ್ಣವಲಯದ ನಮ್ಮ ನಾಡಿನಲ್ಲಿ ವಾಯುಭಾರ ಬೆಳಿಗ್ಗೆ ಹತ್ತರ ಸುಮಾರಿಗೆ ಮೇಲೇರಿ, ಮಧ್ಯಾಹ್ನ ನಾಲ್ಕರ ಹೊತ್ತಿಗೆ ಇಳಿದು, ರಾತ್ರಿ ಹತ್ತಕ್ಕೆ ಮತ್ತೆ ಏರಿ, ಬೆಳಗಿನ ಜಾವ ನಾಲ್ಕಕ್ಕೆ ಮತ್ತೆ ಇಳಿಯುತ್ತದೆ. ಈ ಏರಿಳಿತ 3ರಿಂದ 4 ಹೆಕ್ಟೊಪಾಸ್ಕಲ್. ನೀರಿನ ಲೆಕ್ಕದಲ್ಲಿ 3-4 ಸೆಂಟಿಮೀಟರ್. ಬಾವಿಯ ಸಂವೇದಕವೂ ಇದನ್ನು ಕಾಣುತ್ತದೆ, ಹೊರಗಿನ ವಾಯುಭಾರ ಮಾಪಕವೂ ಕಾಣುತ್ತದೆ. ಒಂದರಿಂದ ಇನ್ನೊಂದನ್ನು ಕಳೆದಾಗ ಅಲೆ ಅಳಿಸಿಹೋಗಬೇಕು.

ಅಳಿಸಿಹೋಗಬೇಕಾದರೆ ಎರಡರ ಗಡಿಯಾರವೂ ಒಂದೇ ಆಗಿರಬೇಕಷ್ಟೆ. ಇಲ್ಲಿ ಎಡವುವುದು ಬಹಳ ಸುಲಭ. ದತ್ತಸಂಚಯಗಳು ಸಮಯವನ್ನು ಸಾಮಾನ್ಯವಾಗಿ ವಿಶ್ವ ಸಮಯ, ಅಂದರೆ ಯುಟಿಸಿಯಲ್ಲಿ ಇಡುತ್ತವೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದು. ಕಂಪ್ಯೂಟರ್ ಬದಲಿಸಿದಾಗ ವಾಯುಭಾರದ ಕಡತವನ್ನು ಮತ್ತೆ ತುಂಬಿದರು ಎನ್ನಿ. ಅದರ ಭಾರತೀಯ ಸಮಯವನ್ನು ತಂತ್ರಾಂಶ ವಿಶ್ವ ಸಮಯವೆಂದೇ ತಿಳಿಯಿತು. ಬೆಳಿಗ್ಗೆ ಹತ್ತರ ಗಾಳಿ ಈಗ ಮಧ್ಯಾಹ್ನ ಮೂರೂವರೆಯ ನೀರಿನಿಂದ ಕಳೆಯಲ್ಪಡುತ್ತದೆ.

ಹನ್ನೆರಡು ಗಂಟೆಗೆ ಒಂದು ಸುತ್ತು ಮುಗಿಸುವ ಅಲೆಯನ್ನು ಆರು ಗಂಟೆ ಸರಿಸಿದರೆ ಏರು ಇರುವಲ್ಲಿ ಇಳಿತ ಬರುತ್ತದೆ. ಐದೂವರೆ ಎಂಬುದು ಆರಕ್ಕೆ ಎಷ್ಟು ಹತ್ತಿರ ನೋಡಿ! ಅಲೆ ಅಳಿಯುವುದಿರಲಿ, ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಗಾಳಿಯ ಸರಾಸರಿ ಒತ್ತಡವನ್ನಷ್ಟೇ ಕಳೆದು ಅದರ ಅಲೆಯನ್ನು ಹಾಗೆಯೇ ಬಿಟ್ಟಿದ್ದರೆ ಇದಕ್ಕಿಂತ ಒಳ್ಳೆಯ ಅಂಕಿ ಸಿಗುತ್ತಿತ್ತು. ಒಂದು ಗಂಟೆ ವ್ಯತ್ಯಾಸದ ಯೂರೋಪಿನ ದೇಶಕ್ಕೆ ಈ ಪೆಟ್ಟು ಇಷ್ಟು ಜೋರಾಗಿ ತಗುಲುವುದಿಲ್ಲ. ಭಾರತದ ರೇಖಾಂಶಕ್ಕೆ ಇದು ಹುಟ್ಟಿನಿಂದ ಬಂದ ಉಡುಗೊರೆ.

ಮಳೆಯ ಅಂಕಿಯಲ್ಲಿ ಗಡಿಯಾರ ಇನ್ನೂ ದೊಡ್ಡ ಆಟ ಆಡುತ್ತದೆ. ದಿನ ಎಂದರೆ ಯಾವುದು? ನಮಗೆ ಮಧ್ಯರಾತ್ರಿಯಿಂದ ಮಧ್ಯರಾತ್ರಿ. ಭಾರತೀಯ ಹವಾಮಾನ ಇಲಾಖೆಯ ಮಳೆದಿನ ಮುಗಿಯುವುದು ಬೆಳಿಗ್ಗೆ 8.30ಕ್ಕೆ, ಹಿಂದಿನ 24 ಗಂಟೆಯ ಮಳೆಯನ್ನು ಆ ತಾರೀಖಿಗೆ ಬರೆಯುತ್ತಾರೆ. ವಿಶ್ವ ಸಮಯದಲ್ಲಿ ದಿನ ಕಟ್ಟುವ ದತ್ತಸಂಚಯದ ದಿನ ಶುರುವಾಗುವುದು ನಮ್ಮ ಬೆಳಿಗ್ಗೆ 5.30ಕ್ಕೆ. ಇನ್‌ಫ್ಲಕ್ಸ್‌ಡಿಬಿಯಂಥ ಪ್ರಸಿದ್ಧ ಕಾಲಶ್ರೇಣಿ ದತ್ತಸಂಚಯವೂ ಬೇರೆ ಹೇಳದಿದ್ದರೆ ಹೀಗೆಯೇ ಮಾಡುತ್ತದೆ. ಸೆಪ್ಟೆಂಬರ್ 14ರ ರಾತ್ರಿ ಹತ್ತಕ್ಕೆ ಗುಡುಗಿನ ಮಳೆ ಹಿಡಿದು ಮೂರು ಗಂಟೆಗೆ ಬಿಟ್ಟಿತು, ಮಧ್ಯರಾತ್ರಿಯ ಮೊದಲು 41 ಮಿಲಿಮೀಟರ್, ಆಮೇಲೆ 27 ಎಂದುಕೊಳ್ಳಿ. ಮೊದಲ ಲೆಕ್ಕದಲ್ಲಿ 14ಕ್ಕೆ 41, 15ಕ್ಕೆ 27. ಹವಾಮಾನ ಇಲಾಖೆಯ ಲೆಕ್ಕದಲ್ಲಿ 15ಕ್ಕೆ 68. ವಿಶ್ವ ಸಮಯದ ಲೆಕ್ಕದಲ್ಲಿ 14ಕ್ಕೆ 68. ಒಂದೇ ಮಳೆ, ಮೂರು ದಾಖಲೆ. ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಇಲಾಖೆಯ ಪರಿಭಾಷೆಯಲ್ಲಿ ಅದು ಭಾರೀ ಮಳೆ. ಆದ್ದರಿಂದ ಎರಡು ದಾಖಲೆಗಳಲ್ಲಿ ಭಾರೀ ಮಳೆ ಬಿದ್ದಿದೆ, ಒಂದರಲ್ಲಿ ಬಿದ್ದೇ ಇಲ್ಲ. ಕೋಲಾರ ಸೀಮೆಯಲ್ಲಿ ಮಳೆಗಾಲದ ಭರ ಇರುವುದೇ ಸೆಪ್ಟೆಂಬರ್-ಅಕ್ಟೋಬರ್ ತಿಂಗಳಲ್ಲಿ. ರಾತ್ರಿ ಹಿಡಿಯುವ ಗುಡುಗಿನ ಮಳೆ ಇಲ್ಲಿ ಹೊಸದಲ್ಲ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ತೀರ್ಮಾನವಾಗುವುದು ಇಂಥ ಅಂಕಿಗಳಿಂದಲೇ ಎಂಬುದನ್ನು ನೆನೆದರೆ, ಶ್ರೀನಿವಾಸಪುರದ ಮಾವಿನ ತೋಟದವರಿಗೆ ಈ ವ್ಯತ್ಯಾಸ ಬರೀ ಲೆಕ್ಕದ ವಿನೋದವಲ್ಲ.

ಮುಳಬಾಗಿಲು: ಹಳೆಯದು ಮಾತ್ರ ಬದಲು

ಮುಳಬಾಗಿಲಿನ ಬಾವಿಯಲ್ಲಿ ಈ ತಿಂಗಳ ಅಂಕಿಗಳು ಸರಿಯಾಗಿಯೇ ಇವೆ. ತಿಂಗಳಿಗಿಂತ ಹಳೆಯವು ಮಾತ್ರ ನಿಮ್ಮ ಪುಸ್ತಕಕ್ಕೆ ಹೊಂದುತ್ತಿಲ್ಲ. ನಕ್ಷೆಯ ಮೊನೆಗಳೆಲ್ಲ ಸವೆದು ನುಣ್ಣಗಾಗಿವೆ. ಇದು ಜಾಗ ಉಳಿಸುವ ಏರ್ಪಾಡು. ಹಳೆಯ ಗಂಟೆವಾರು ಅಂಕಿಗಳನ್ನು ದಿನದ ಸರಾಸರಿ ಮಾಡಿ, ಗಂಟೆವಾರು ಸಾಲುಗಳನ್ನು ಅಳಿಸಿಬಿಡುವಂತೆ ಯಾರೋ ಒಮ್ಮೆ ನಿಯಮ ಬರೆದಿರುತ್ತಾರೆ. ಆಮೇಲೆ ಅದು ತನ್ನಷ್ಟಕ್ಕೆ ನಡೆಯುತ್ತಿರುತ್ತದೆ. ಪಕ್ಕದ ಪಂಪು ಓಡಿದಾಗ ಮಟ್ಟ ಕುಸಿದು, ಕರೆಂಟು ಹೋದಾಗ ಮೇಲೆ ಬಂದದ್ದು ಆ ಸರಾಸರಿಯಲ್ಲಿ ಹೂತುಹೋಗುತ್ತದೆ.

ಸರಾಸರಿಯ ಇನ್ನೊಂದು ಕೇಡು ಇದಕ್ಕಿಂತ ಕೆಟ್ಟದ್ದು. ಸಂವೇದಕ ಉತ್ತರ ಕೊಡದಿದ್ದಾಗ −999 ಎಂದು ಬರೆಯುವ ಪದ್ಧತಿ ಬಹಳ ಕಡೆ ಇದೆ. ಆ ಅಂಕಿ ಹಾಗೆಯೇ ಇರುವವರೆಗೆ ಅಪಾಯವಿಲ್ಲ, ಯಾರೂ ಅದನ್ನು ನಂಬುವುದಿಲ್ಲ. ಆದರೆ 23 ಗಂಟೆ 60 ಮೀಟರ್, ಒಂದು ಗಂಟೆ −999 ಇದ್ದ ದಿನದ ಸರಾಸರಿ ತೆಗೆದರೆ 15.88 ಬರುತ್ತದೆ. ಈಗ ಅದು ನಂಬುವಂಥ ಅಂಕಿ! ನೀರು ಒಂದೇ ದಿನಕ್ಕೆ 44 ಮೀಟರ್ ಮೇಲೆ ಬಂದಿತೆಂದು ಯಾರಾದರೂ ವರದಿ ಬರೆದರೂ ಆಶ್ಚರ್ಯವಿಲ್ಲ.

ಕೆಲವು ದತ್ತಸಂಚಯಗಳು ಹಳತಾಗುವವರೆಗೂ ಕಾಯುವುದಿಲ್ಲ, ಬಂದ ಗಳಿಗೆಯಲ್ಲೇ ಅಂಕಿಯನ್ನು ತಿದ್ದುತ್ತವೆ. ಸ್ವಿಟ್ಜರ್ಲೆಂಡಿನ ಟೋಬಿ ಊಟಿಕರ್ 1999ರಲ್ಲಿ ಬಿಡುಗಡೆ ಮಾಡಿದ ಆರ್‌ಆರ್‌ಡಿಟೂಲ್ ಇದಕ್ಕೆ ಹೆಸರಾದದ್ದು. ಗಂಟೆಯ ಅಂಚಿಗೆ ಸರಿಯಾಗಿ ಬಾರದ ಅಂಕಿಗಳನ್ನು ಅದು ಹಂಚಿ ಅಂಚಿಗೆ ಕೂರಿಸುತ್ತದೆ. 6.10ಕ್ಕೆ 4, 7.10ಕ್ಕೆ 3 ಎಂದು ಕೊಟ್ಟರೆ, ಆರರಿಂದ ಏಳರ ಗಂಟೆಗೆ ಹತ್ತು ನಿಮಿಷ 4, ಐವತ್ತು ನಿಮಿಷ 3 ಎಂದು ತೂಗಿ 3.17 ಹಿಂದಿರುಗಿಸುತ್ತದೆ. ಇದು ದೋಷವಲ್ಲ, ಅದರ ವಿನ್ಯಾಸ. ಆದರೆ ಮಳೆಮಾಪಕದೊಳಗಿನ ಪುಟ್ಟ ತೊಟ್ಟಿ ಪೂರ್ತಿ ಮಗುಚುತ್ತದೆ, ಇಲ್ಲವೇ ಮಗುಚುವುದಿಲ್ಲ. ಮೂರು ಮತ್ತು ಚಿಲ್ಲರೆ ಸಲ ಮಗುಚುವುದು ಸಾಧ್ಯವಿಲ್ಲ. ಪೂರ್ಣಾಂಕ ಇರಬೇಕಾದಲ್ಲಿ ದಶಾಂಶ ಕಂಡರೆ ನಡುವೆ ಯಾರೋ ಹಂಚಿಕೆ ಮಾಡಿದ್ದಾರೆ ಎಂದು ತಿಳಿಯಿರಿ. ಹಾಗೆಂದು 61.42 ಎಂಬುದು 61.419998 ಆಗಿ ಕಂಡರೆ ಹೆದರಬೇಡಿ. ಅದು ದ್ವಿಮಾನ ಪದ್ಧತಿಯ 32 ಬಿಟ್ ಜಾಗದಲ್ಲಿ ಹಿಡಿಸಿದ ಅಂಕಿಯ ಸಹಜ ರೂಪ. ಬಾವಿಯಲ್ಲಿ ಅಷ್ಟು ಸೂಕ್ಷ್ಮ ಅಳೆಯುವ ಸಂವೇದಕವೇ ಇಲ್ಲ.

ಶ್ರೀನಿವಾಸಪುರದ ಪ್ರಕರಣವನ್ನು ಬೇಗ ಮುಗಿಸಬಹುದು. ವ್ಯತ್ಯಾಸದ ನಕ್ಷೆಯಲ್ಲಿ ಯಾವ ಕ್ರಮವೂ ಇಲ್ಲ, ಒಂದು ದಿನಾಂಕದಿಂದ ಮುಂದೆ ಅಂಕಿಗಳು ಬೇರೆಯದೇ ಬಾವಿಯಂತೆ ಕಾಣುತ್ತವೆ. ಅವು ಬೇರೆ ಬಾವಿಯವೇ. ಎರಡನೆಯ ಬಾವಿಗೆ ಹೊಸ ಮಾಪಕ ಹಾಕಿದವರು ಮೊದಲನೆಯದರ ಹೆಸರನ್ನೇ ನಕಲು ಮಾಡಿದ್ದಾರೆ. ಒಂದೇ ಹೆಸರು, ಒಂದೇ ಸಮಯದ ಎರಡು ಅಂಕಿ ಬಂದರೆ ಇನ್‌ಫ್ಲಕ್ಸ್‌ಡಿಬಿ ಜಗಳವಾಡುವುದಿಲ್ಲ, ಆಮೇಲೆ ಬಂದದ್ದನ್ನು ಮೊದಲಿನದರ ಮೇಲೆ ಸದ್ದಿಲ್ಲದೆ ಬರೆಯುತ್ತದೆ. ಇದನ್ನು ಹಿಡಿಯಲು ಅಂಕಿ ನೋಡಬೇಕಾಗಿಲ್ಲ, ಸಾಲು ಎಣಿಸಿದರೆ ಸಾಕು. ಎರಡು ಬಾವಿ, ಗಂಟೆಗೊಂದು ಅಂಕಿ ಎಂದರೆ ದಿನಕ್ಕೆ 48 ಸಾಲು ಇರಬೇಕು. 24 ಮಾತ್ರ ಇದ್ದರೆ ಒಂದು ಬಾವಿ ಇನ್ನೊಂದರೊಳಗೆ ಬಿದ್ದಿದೆ.

ಎಲ್ಲ ವಿಚಿತ್ರವೂ ತಪ್ಪಲ್ಲ

ಹೀಗೆ ಹುಡುಕಲು ಹೊರಟವರಿಗೆ ಇನ್ನೊಂದು ಅಪಾಯವಿದೆ: ಕಂಡದ್ದನ್ನೆಲ್ಲ ತಿದ್ದುವ ಉಮೇದು. ಕೋಲಾರ ಸೀಮೆಯ ನೆಲದಡಿ ಇರುವುದು ಗಟ್ಟಿ ಬಂಡೆ. ನೀರು ಇರುವುದು ಅದರ ಬಿರುಕುಗಳಲ್ಲಿ. ಅಲ್ಲಿ ಒಂದು ಪಂಪು ಓಡಿದರೆ ಅದೇ ಬಿರುಕಿನ ಇನ್ನೊಂದು ಬಾವಿ ನಿಮಿಷಗಳಲ್ಲಿ ಮೀಟರುಗಟ್ಟಲೆ ಕುಸಿಯಬಹುದು, ಅದೇ ಊರಿನ ಮೂರನೆಯ ಬಾವಿ ಅಲುಗಾಡದೆಯೂ ಇರಬಹುದು. ಮೂರು ಫೇಸ್ ವಿದ್ಯುತ್ ಬರುವ ಹೊತ್ತಿಗೆ ಇಳಿದು, ಹೋಗುವ ಹೊತ್ತಿಗೆ ಏರುವ ಮೆಟ್ಟಿಲಿನಂಥ ನಕ್ಷೆ ಕಂಡರೆ ಅದು ಸಂವೇದಕದ ಹುಚ್ಚಲ್ಲ, ಊರಿನ ದಿನಚರಿ. ಮೇಲೆ ಮುಚ್ಚಿದಂತಿರುವ ಆಳದ ಬಿರುಕುಗಳಲ್ಲಿ ಗಾಳಿಯ ಒತ್ತಡ ಏರಿದಾಗ ಬಾವಿಯ ನೀರು ನಿಜವಾಗಿಯೂ ಒಂದಿಷ್ಟು ತಗ್ಗುತ್ತದೆ. ಆದ್ದರಿಂದ ಲೆಕ್ಕವೆಲ್ಲ ಸರಿಯಿದ್ದಾಗಲೂ ಸೆಂಟಿಮೀಟರಿನ ಪುಟ್ಟ ಅಲೆ ಉಳಿದರೆ ಅದು ಬಂಡೆಯ ಗುಣವನ್ನು ಹೇಳುತ್ತಿರಬಹುದು. ಅದನ್ನು ಉಜ್ಜಿ ಅಳಿಸಿದರೆ ಕಳೆದುಕೊಂಡವರು ನಾವೇ.

ನಿಜವೋ ತಪ್ಪೋ ಎಂದು ಬೇರ್ಪಡಿಸಲು ಕೈಯಳತೆಗೆ ಸಮನಾದದ್ದು ಇನ್ನೂ ಬಂದಿಲ್ಲ. ತಿಂಗಳಿಗೊಮ್ಮೆ ಟೇಪು ಇಳಿಸಿ, ಅಳೆದ ಹೊತ್ತನ್ನು ನಿಮಿಷ ಸಹಿತ ಪುಸ್ತಕದಲ್ಲಿ ಬರೆದಿಟ್ಟರೆ ಕೋಲಾರದ ಒಂದು ಮೀಟರನ್ನು ಮರುದಿನವೇ ಹಿಡಿಯಬಹುದು. ಮಾಲೂರಿನ ಅಲೆಯನ್ನು ಟೇಪು ಹಿಡಿಯಲಾರದು, ಅದಕ್ಕೆ ಗಂಟೆವಾರು ಮೂಲ ಒತ್ತಡಗಳೇ ಬೇಕು. ದತ್ತಸಂಚಯವನ್ನು ನೋಡಿಕೊಳ್ಳುವವರಿಗೆ ಹೇಳುವುದಾದರೆ: ಸಂವೇದಕ ಕಳಿಸಿದ ಅಂಕಿಯನ್ನು ಒಂದು ಅಂಕಣದಲ್ಲಿ ಮುಟ್ಟದೆ ಇಡಿ, ತಿದ್ದಿದ್ದನ್ನು ಇನ್ನೊಂದರಲ್ಲಿ ಬರೆಯಿರಿ, ಯಾವಾಗ ಏನು ತಿದ್ದಿದೆವು ಎಂಬುದನ್ನು ಮೂರನೆಯದರಲ್ಲಿ. ಹಳೆಯ ಲೆಕ್ಕಪತ್ರ ಬರೆಯುವವರು ತಪ್ಪು ಅಂಕಿಯನ್ನು ಉಜ್ಜಿ ಅಳಿಸದೆ, ಮೇಲೊಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕುತ್ತಿದ್ದರು. ಇದೂ ಅದೇ ಶಿಸ್ತು.

ಶಾಲೆಯಲ್ಲಿ ಇದನ್ನು ಮಾಡಿ ನೋಡಲು ಬಾವಿಯೇ ಬೇಕೆಂದಿಲ್ಲ. ಹಲವು ಮೊಬೈಲ್ ಫೋನುಗಳಲ್ಲಿ ವಾಯುಭಾರ ಸಂವೇದಕ ಇರುತ್ತದೆ. ಅಂಥದೊಂದು ಫೋನನ್ನು ಒಂದೇ ಜಾಗದಲ್ಲಿಟ್ಟು ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಗಂಟೆಗೊಮ್ಮೆ ಒತ್ತಡ ಬರೆದುಕೊಳ್ಳಿ. ಹತ್ತರ ಏರು, ನಾಲ್ಕರ ಇಳಿತ ಒಂದೇ ದಿನದಲ್ಲಿ ಕಾಣುತ್ತದೆ. ಫೋನನ್ನು ಮೇಲಿನ ಅಂತಸ್ತಿಗೆ ಒಯ್ಯಬೇಡಿ. ಸುಮಾರು ಒಂಬತ್ತು ಮೀಟರ್ ಏರಿದರೆ ಒಂದು ಹೆಕ್ಟೊಪಾಸ್ಕಲ್ ಕಡಿಮೆಯಾಗುತ್ತದೆ. ಕೋಲಾರದ ಮಕ್ಕಳು ಅಂತರಗಂಗೆ ಬೆಟ್ಟ ಹತ್ತುವಾಗ ಇದನ್ನು ಬೇರೆಯಾಗಿ ಅಳೆಯಬಹುದು. ನಾಲ್ಕು ತಾಲೂಕಿನ ನಾಲ್ಕು ಶಾಲೆಗಳು ಒಂದೇ ದಿನ ಬರೆದು ಪಟ್ಟಿಗಳನ್ನು ಅದಲುಬದಲು ಮಾಡಿಕೊಂಡರೆ ಇನ್ನೂ ಚೆನ್ನ. ಯಾವ ಶಾಲೆ ಎಷ್ಟು ಎತ್ತರದಲ್ಲಿದೆ ಎಂಬುದು ಸಮನಾದ ಗೆರೆಯಾಗಿ ಹೊರಬೀಳುತ್ತದೆ, ಯಾರ ಗಡಿಯಾರ ಕೆಟ್ಟಿದೆ ಎಂಬುದು ಅಲೆಯಾಗಿ. ಸಮಯದ ಅಂಕಣದ ತಲೆಬರಹದಲ್ಲಿ ‘ಭಾರತೀಯ ಸಮಯ’ ಎಂದು ಬರೆಯುವುದನ್ನು ಮಾತ್ರ ಬಿಡಬೇಡಿ.